ಆ ತೋಳ ಮುಂದ ಏನಾತು?

ಅಕ್ಕನ ಮಗ ಎರಡನೇ ಪಿಯುಸಿ ಪರೀಕ್ಷೆ, ಸಿಇಟಿ ಎಲ್ಲ ಮುಗಿಸಿ ವಿಜಯಪುರದಿಂದ ನಮ್ಮ ಮನೆಗೆ ಬಂದಿದ್ದ. ಬಾಗಲಕೋಟೆಯ ಬೇಸಿಗೆ ಗೊತ್ತಲ್ಲ, ಹನ್ನೊಂದು ಗಂಟೆ ಆದಮೇಲೆ ನವನಗರದ ರಸ್ತೆಗಳಲ್ಲಿ ನಾಯಿ ಕೂಡ ಓಡಾಡುವುದಿಲ್ಲ. ಎರಡು ದಿನ ಮೊಬೈಲ್ ನೋಡುತ್ತ ಬಿದ್ದುಕೊಂಡಿದ್ದ. ಮೂರನೇ ದಿನ ಏನೋ ಹುಡುಕಲು ಹೋಗಿ ಮಂಚದ ಕೆಳಗಿನ ಟ್ರಂಕು ಎಳೆದ.

"ಮಾಮಾ, ಇಷ್ಟ ದಪ್ಪ ಪುಸ್ತಕ ಯಾರ ಓದತಾರ?"

ನಾನೇ. ಇಪ್ಪತ್ತು ವರ್ಷದಿಂದ ಓದುತ್ತಿದ್ದೇನೆ. ಟ್ರಂಕಿನ ತುಂಬ ಇರುವುದು ಇಟ್ಟಿಗೆ ಗಾತ್ರದ ಇಂಗ್ಲಿಷ್ ಫ್ಯಾಂಟಸಿ ಸರಣಿಗಳು. ಕೆಲವು ಬೆಂಗಳೂರಿನ ಫುಟ್‌ಪಾತ್ ಮೇಲೆ ಕೊಂಡವು, ಕೆಲವು ಆನ್‌ಲೈನ್ ತರಿಸಿದವು. ಒಮ್ಮೆ ಐದನೇ ಭಾಗ ಕೇಳಿದರೆ ಆರನೇದು ಬಂತು. ದೂರು ಕೊಟ್ಟೆ. ಅದನ್ನು ನೀವೇ ಇಟ್ಟುಕೊಳ್ಳಿ ಎಂದು ಇನ್ನೊಂದು ಕಳಿಸಿದರು. ಅದೂ ಆರನೇದೇ. ಹಾಗಾಗಿ ಆ ಸರಣಿಯಲ್ಲಿ ನನ್ನ ಹತ್ತಿರ ಆರನೇ ಭಾಗ ಎರಡಿವೆ, ಐದನೇದು ಇಲ್ಲ.

ಹುಡುಗ ಒಂದೊಂದನ್ನೇ ತೆಗೆದು ತೂಗಿ ನೋಡಿದ. ಆಮೇಲೆ ಕರಾರು ಹಾಕಿದ: "ಮುಗದಿರೋವು ಅಷ್ಟ ಹೇಳ್ರಿ. ಮುಗೀದಿರೋ ಕತಿ ನನಗ ಬ್ಯಾಡ."

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಯಾಕೆಂದರೆ ಉದ್ದದ ಸರಣಿ ಓದುವವರೆಲ್ಲ ಮೊದಲು ಕೇಳುವುದು ಇದನ್ನೇ. ಮುಗಿದಿದೆಯಾ? ಬರೆದವರು ಬದುಕಿದ್ದಾರಾ? ನಾನೂ ಒಂದು ಕಾಲಕ್ಕೆ ಹೀಗೇ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ.

ಅದಕ್ಕೆ ಬರುವ ಮೊದಲು ಒಂದು ಸಣ್ಣ ಸುತ್ತು. ನಾನು ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿದವನು. ಹಳೇ ಬಾಗಲಕೋಟೆಯ ಮನೆಯಲ್ಲಿ ಚಂದಮಾಮದ ಒಂದು ಗಂಟು ಇತ್ತು. ಭಾನುವಾರ ದೂರದರ್ಶನದಲ್ಲಿ 'ಚಂದ್ರಕಾಂತಾ' ಇತ್ತು. ಅದರ ಮೂಲ ದೇವಕೀನಂದನ ಖತ್ರಿ 1888ರಲ್ಲಿ ಬರೆದ ಹಿಂದಿ ಕಾದಂಬರಿ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಲಮಟ್ಟಿ ಹಿನ್ನೀರು ಬಂದು ಮನೆ ಬಿಟ್ಟು ನವನಗರಕ್ಕೆ ಬಂದಾಗ ಆ ಗಂಟು ಎಲ್ಲೋ ಹೋಯಿತು. ಧಾರವಾಡಕ್ಕೆ ಓದಲು ಹೋದಾಗ ಇಂಗ್ಲಿಷ್ ಕಾದಂಬರಿ ಓದಬೇಕೆಂದು ಹಟ ಹಿಡಿದೆ. ಎಲ್ಲರೂ ಹೊಗಳುವ ಒಂದೆರಡು ದೊಡ್ಡ ಕಾದಂಬರಿ ಹಿಡಿದೆ, ಸೋತೆ. ಭಾಷೆಗಿಂತ ಹೆಚ್ಚಾಗಿ ಅಲ್ಲಿನ ಬದುಕೇ ತಿಳಿಯುತ್ತಿರಲಿಲ್ಲ. ಲಂಡನ್ನಿನ ಯಾವ ಓಣಿಯವರು ಶ್ರೀಮಂತರು, ಯಾವ ಊಟ ಬಡವರದು, ಯಾರು ಯಾರಿಗೆ ಹೇಗೆ ಮಾತಾಡಿದರೆ ಅವಮಾನ? ಬರೆದವರು ಇದೆಲ್ಲ ನಮಗೆ ಗೊತ್ತಿದೆ ಎಂದುಕೊಂಡೇ ಬರೆದಿರುತ್ತಾರೆ.

ಫ್ಯಾಂಟಸಿಯಲ್ಲಿ ಹಾಗಿಲ್ಲ. ಅಲ್ಲಿನ ಊರು, ನಾಣ್ಯ, ದೇವರು, ಬೈಗುಳ ಎಲ್ಲ ಲಂಡನ್ನಿನವನಿಗೂ ಹೊಸದೇ. ಅವನೂ ನನ್ನ ಹಾಗೆ ಪುಸ್ತಕದ ಕೊನೆಯ ಪದಕೋಶ ತೆಗೆದು ನೋಡಬೇಕು, ಮೊದಲ ಪುಟದ ನಕ್ಷೆ ತಿರುವಿ ನೋಡಬೇಕು. ಇಬ್ಬರೂ ಒಂದೇ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಸಲ ಇಳಿದ ಹಾಗೆ. ಇಂಗ್ಲಿಷ್ ಓದಲು ಹೆದರುವ ನಮ್ಮ ಕಡೆಯ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ: ಫ್ಯಾಂಟಸಿಯಿಂದ ಶುರು ಮಾಡಿ, ಅಲ್ಲಿ ಯಾರೂ ಮನೆಯವರಲ್ಲ.

ನಾನು ಶುರು ಮಾಡಿದ್ದು ರಾಬರ್ಟ್ ಜೋರ್ಡನ್ನನ 'ದ ವೀಲ್ ಆಫ್ ಟೈಮ್'ನಿಂದ. ಅದೂ ಮೂರನೇ ಪುಸ್ತಕದಿಂದ, ಯಾಕೆಂದರೆ ಫುಟ್‌ಪಾತ್ ಮೇಲೆ ಅದೊಂದೇ ಇತ್ತು. ಒಟ್ಟು ಹದಿನಾಲ್ಕು ದಪ್ಪ ಪುಸ್ತಕ, ಜೊತೆಗೆ ಹಿಂದಿನ ಕಥೆ ಹೇಳುವ ಸಣ್ಣದೊಂದು. ಮೊದಲನೇದು ಬಂದದ್ದು 1990ರಲ್ಲಿ, ಕೊನೆಯದು 2013ರಲ್ಲಿ. ಯುಗಗಳು ಚಕ್ರದ ಹಾಗೆ ಸುತ್ತುತ್ತವೆ, ಸತ್ತವರು ಮತ್ತೆ ಹುಟ್ಟುತ್ತಾರೆ, ಹಿಂದೆ ಮಾಡಿದ್ದನ್ನು ಮತ್ತೆ ಮಾಡುತ್ತಾರೆ. ಅಮೆರಿಕದ ಓದುಗನಿಗೆ ಇದು ವಿಚಿತ್ರ ಕಲ್ಪನೆ ಅನಿಸಿರಬಹುದು. ನಮ್ಮ ಮನೆಯಲ್ಲಿ ಇದು ದಿನದ ಮಾತು. ಹಾಲು ಉಕ್ಕಿ ಚೆಲ್ಲಿದರೂ ಹಿಂದಿನ ಜನ್ಮದ ಕರ್ಮ ಅಂತಾರೆ.

ಪ್ರತಿ ಪುಸ್ತಕದ ಮೊದಲ ಅಧ್ಯಾಯವೂ ಎಲ್ಲೋ ಒಂದು ಗಾಳಿ ಎದ್ದು ಬೀಸುವುದರಿಂದ ಶುರುವಾಗುತ್ತದೆ. ಪುರಾಣ ಹೇಳುವ ಶಾಸ್ತ್ರಿಗಳು ದಿನಾ ಅದೇ ಸ್ತುತಿಯಿಂದ ಶುರು ಮಾಡುವಂತೆ. ನನಗೆ ಅದು ಬಹಳ ಹಿಡಿಸಿತು. ಮೊದಲ ಆರು ಪುಸ್ತಕ ಓಡುತ್ತವೆ. ಆಮೇಲೆ ಎತ್ತು ಕೆಸರಿಗೆ ಇಳಿಯುತ್ತದೆ. ಎಂಟು, ಒಂಬತ್ತು, ಹತ್ತು ತ್ರಾಸಿನವು. ಒಬ್ಬಳು ಜಡೆ ಎಳೆದುಕೊಳ್ಳುತ್ತಾಳೆ, ಇನ್ನೊಬ್ಬಳು ಲಂಗ ಸರಿಮಾಡಿಕೊಳ್ಳುತ್ತಾಳೆ, ಮತ್ತೆ ಮೊದಲನೆಯವಳು ಜಡೆ ಎಳೆದುಕೊಳ್ಳುತ್ತಾಳೆ. ಹತ್ತನೇದರಲ್ಲಂತೂ, ಒಂಬತ್ತರ ಕೊನೆಗೆ ಒಂದು ದೊಡ್ಡ ಘಟನೆ ಆಗುವಾಗ ಉಳಿದವರು ಎಲ್ಲೆಲ್ಲಿ ಏನೇನು ಮಾಡುತ್ತಿದ್ದರು ಎಂದು ಹೇಳುವುದರಲ್ಲೇ ಬಹುಪಾಲು ಪುಟ ಹೋಗುತ್ತದೆ. ಅದನ್ನು 2003ರಲ್ಲಿ ಬಂದ ಕೂಡಲೇ ಓದಿದವರು ಮುಂದಿನದಕ್ಕೆ ಎರಡು ವರ್ಷ ಕಾದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ತಡವಾಗಿ ಓದಿದವನು, ಹನ್ನೊಂದನೇದು ಪಕ್ಕದಲ್ಲೇ ಇತ್ತು. ಹತ್ತನೇದನ್ನು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಬರುವಾಗ ಓದಿದೆ. ಗದಗದಲ್ಲಿ ಎಂಜಿನ್ ಬದಲಿಸಿದರೂ ನನ್ನ ಅಧ್ಯಾಯ ಬದಲಾಗಿರಲಿಲ್ಲ.

2007ರ ಸೆಪ್ಟೆಂಬರಿನಲ್ಲಿ ಜೋರ್ಡನ್ ತೀರಿಕೊಂಡ. ಅಮಿಲಾಯ್ಡೋಸಿಸ್ ಎಂಬ ಅಪರೂಪದ ಕಾಯಿಲೆ. ಕಥೆ ಮುಗಿದಿರಲಿಲ್ಲ. ಆದರೆ ಟಿಪ್ಪಣಿ ಬರೆಸಿಟ್ಟಿದ್ದ, ಕೊನೆಯ ದೃಶ್ಯವನ್ನೂ ಬರೆದಿಟ್ಟಿದ್ದ. ಅವನ ಹೆಂಡತಿ ಹ್ಯಾರಿಯೆಟ್ ಅವನ ಪುಸ್ತಕಗಳ ಸಂಪಾದಕಿಯೂ ಹೌದು. ಆಕೆ ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಯುವ ಲೇಖಕನನ್ನು ಆರಿಸಿದಳು. ಒಂದೇ ಆಗಬೇಕಿದ್ದ ಕೊನೆಯ ಪುಸ್ತಕ ಅವನ ಕೈಯಲ್ಲಿ ಮೂರಾಯಿತು. ಧಾಟಿ ಬೇರೆಯಾದದ್ದು ಗೊತ್ತಾಗುತ್ತದೆ. ಹಾಸ್ಯ ಕೆಲವು ಕಡೆ ಹದ ತಪ್ಪಿದೆ. ಆದರೂ ಕಥೆ ದಡ ಸೇರಿತು.

"ಬ್ಯಾರೇದವ್ರು ಮುಗಸಿದ್ರ ಅದು ಅವನ ಪುಸ್ತಕ ಹೆಂಗಾಗ್ತದ?" ಎಂದ ಹುಡುಗ.

ಒಳ್ಳೆಯ ಪ್ರಶ್ನೆ. ಆದರೆ ನಾವು ಕೇಳುವಂಥದ್ದಲ್ಲ. ಕುಮಾರವ್ಯಾಸ ಗದುಗಿನಲ್ಲಿ ಕೂತು ಮಹಾಭಾರತದ ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಬರೆದ, ಗದಾಪರ್ವಕ್ಕೆ ನಿಲ್ಲಿಸಿದ. ಉಳಿದವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. ಗದುಗಿನ ಭಾರತ ಅರ್ಧಕ್ಕೇ ನಿಂತಿದೆ ಎಂದು ಯಾರಾದರೂ ಓದದೇ ಬಿಟ್ಟದ್ದುಂಟೇ? ಇನ್ನೂ ಒಂದಿದೆ. ಬಾಣ ಸಂಸ್ಕೃತದಲ್ಲಿ ಬರೆದ 'ಕಾದಂಬರಿ'. ಗಿಳಿ ಕಥೆ ಹೇಳುತ್ತದೆ, ಚಂದ್ರ ಭೂಮಿಯಲ್ಲಿ ಹುಟ್ಟಿ ಬರುತ್ತಾನೆ, ಪ್ರೇಮಿಗಳು ಜನ್ಮ ದಾಟಿ ಸೇರುತ್ತಾರೆ. ಅಪ್ಪಟ ಫ್ಯಾಂಟಸಿ. ಬಾಣ ಅದನ್ನು ಮುಗಿಸಲಿಲ್ಲ. ಮಗ ಮುಗಿಸಿದ. ಅದನ್ನು ನಾಗವರ್ಮ ಕನ್ನಡಕ್ಕೆ ತಂದ. ಕೊನೆಗೆ ಆ ಪುಸ್ತಕದ ಹೆಸರೇ ನಮಗೆ, ಪಕ್ಕದ ಮರಾಠಿಯವರಿಗೆ, ಇಡೀ ಪ್ರಕಾರದ ಹೆಸರಾಯಿತು. ಅಂದರೆ ನಾವು ಕಾದಂಬರಿ ಎಂದಾಗಲೆಲ್ಲ ಬರೆದವನು ಮುಗಿಸದ ಒಂದು ಪುಸ್ತಕದ ಹೆಸರು ಹೇಳುತ್ತಿರುತ್ತೇವೆ.

ಇಷ್ಟು ಹೇಳಿದ ಮೇಲೂ ಹುಡುಗ ಕರಾರು ಬಿಡಲಿಲ್ಲ. ಸರಿ, ಆಯಿಯ ಕಥೆ ಹೇಳಿದೆ.

ನಮ್ಮ ಆಯಿ ಶ್ರಾವಣ ಬಂತೆಂದರೆ ದಿನಾ ಸಂಜೆ ಮಠಕ್ಕೆ ಹೋಗುತ್ತಿದ್ದಳು. ತಿಂಗಳಿಡೀ ಪುರಾಣ. ಒಂದು ವರ್ಷ ಬಸವ ಪುರಾಣ, ಇನ್ನೊಂದು ವರ್ಷ ಪ್ರಭುಲಿಂಗಲೀಲೆ. ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಮನೆಗೆ ಬಂದು ಅವತ್ತಿನ ಕಥೆಯನ್ನು ನಮಗೆ ಹೇಳುತ್ತಿದ್ದಳು, ಕೈ ಬಾಯಿ ಕಣ್ಣು ಎಲ್ಲ ತಿರುಗಿಸಿ. ಆದರೆ ಒಂದು ವರ್ಷವೂ ಕೊನೆಯ ದಿನದ ಕಥೆ ಹೇಳಿದ್ದಿಲ್ಲ. ಯಾಕೆಂದರೆ ಪುರಾಣ ಮಂಗಲದ ದಿನ ಊರಿಗೆಲ್ಲ ಪ್ರಸಾದ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಹೆಂಗಸರೆಲ್ಲ ನಸುಕಿನಿಂದ ಒಲೆಯ ಮುಂದೆ. ಮೈಕಿನಲ್ಲಿ ಮಂಗಳಾರತಿ ಕೇಳಿಸುವ ಹೊತ್ತಿಗೆ ಆಯಿ ಹುಗ್ಗಿಯ ಹಂಡೆ ತಿರುವುತ್ತಿದ್ದಳು. ನಲವತ್ತು ವರ್ಷ ಪುರಾಣ ಕೇಳಿದವಳು ಒಂದರ ಕೊನೆಯನ್ನೂ ಕೂತು ಕೇಳಲಿಲ್ಲ. ಅದರ ಬಗ್ಗೆ ಅವಳು ಕೊರಗಿದ್ದು ನಾನು ನೋಡಿಲ್ಲ. ಅವಳಿಗೆ ಬೇಕಾಗಿದ್ದು ಆಯಾ ಸಂಜೆಯ ಕಥೆ. ಅದು ಹೊಟ್ಟೆ ತುಂಬ ಸಿಗುತ್ತಿತ್ತು.

ಇದೇ ನನ್ನ ಅಳತೆ. ಸರಣಿ ಮುಗಿದಿದೆಯೋ ಇಲ್ಲವೋ ಎಂದು ನಾನು ನೋಡುವುದಿಲ್ಲ. ಇವತ್ತಿನ ಪುಸ್ತಕದಲ್ಲಿ ಇವತ್ತಿನ ಊಟ ಇದೆಯಾ ಎಂದು ನೋಡುತ್ತೇನೆ.

ಹಾಗೆ ನೋಡಿದರೆ ಮುಗಿಯದವುಗಳಲ್ಲೂ ಎರಡು ಜಾತಿ. ಜಾರ್ಜ್ ಮಾರ್ಟಿನ್ನನ 'ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್' 1996ರಲ್ಲಿ ಶುರುವಾಯಿತು, ಐದನೇದು 2011ರಲ್ಲಿ ಬಂತು, ಆರನೇದು ಇನ್ನೂ ಬಂದಿಲ್ಲ. ಟಿವಿಯವರು 2019ರಲ್ಲಿ ತಮ್ಮ ಪಾಡಿಗೆ ಮುಗಿಸಿಬಿಟ್ಟರು. ಆದರೂ ನಾನು ಅದನ್ನು ಓದು ಎನ್ನುತ್ತೇನೆ. ಮೊದಲ ಮೂರು ಪುಸ್ತಕ ಮಾತ್ರ ಓದಿ ನಿಲ್ಲಿಸಿದರೂ ನಷ್ಟವಿಲ್ಲ. ದಾಯಾದಿ ಜಗಳ ಹೇಗೆ ಊರನ್ನೇ ಸುಡುತ್ತದೆ ಎಂಬುದು ನಮಗೆ ಹೊಸದಲ್ಲ, ಆದರೆ ಅಲ್ಲಿ ಹಾಗೆ ಸುಟ್ಟ ಊರಿನ ಸಣ್ಣ ಜನರೂ ಕಾಣುತ್ತಾರೆ.

ಪ್ಯಾಟ್ರಿಕ್ ರಾಥ್‌ಫಸ್ ಬೇರೆ. 2007ರಲ್ಲಿ ಒಂದು, 2011ರಲ್ಲಿ ಇನ್ನೊಂದು, ಮೂರನೇದಕ್ಕೆ ಇನ್ನೂ ಕಾಯುತ್ತಿದ್ದೇವೆ. ಭಾಷೆ ಬೆಣ್ಣೆ. ಆದರೆ ಇಡೀ ಕಥೆ ಒಂದು ಒಗಟಿನ ಮೇಲೆ ನಿಂತಿದೆ. ಅಷ್ಟು ದೊಡ್ಡ ಹೆಸರಿನ ಮನುಷ್ಯ ಹಳ್ಳಿಯೊಂದರಲ್ಲಿ ಹೆಸರು ಮರೆಸಿಕೊಂಡು ಖಾನಾವಳಿ ಇಟ್ಟುಕೊಂಡು ಯಾಕೆ ಕೂತ? ತನ್ನ ಕಥೆಯನ್ನು ಮೂರು ದಿನದಲ್ಲಿ ಹೇಳುತ್ತೇನೆ ಅನ್ನುತ್ತಾನೆ. ನಮಗೆ ಸಿಕ್ಕದ್ದು ಎರಡು ದಿನ. ಒಗಟು ಹಾಕಿದವನು ಉತ್ತರ ಹೇಳದೆ ಎದ್ದು ಹೋದರೆ ಅದು ಅರ್ಧ ಊಟವೂ ಅಲ್ಲ, ಎಲೆ ಹಾಕಿ ಕೂರಿಸಿದ ಹಾಗೆ. ಹುಡುಗನಿಗೆ ಇದನ್ನು ಸದ್ಯ ಬೇಡ ಎಂದೆ.

ಪೂರ್ತಿ ಬಿಟ್ಟುಬಿಡು ಎಂದು ಹೇಳಿದ್ದು ಒಂದೇ: ಟೆರಿ ಗುಡ್‌ಕೈಂಡನ 'ಸೋರ್ಡ್ ಆಫ್ ಟ್ರೂತ್'. 1994ರ ಮೊದಲ ಪುಸ್ತಕ ಪರವಾಗಿಲ್ಲ, ರಾತ್ರಿ ಕೂತು ಓದಿಸುತ್ತದೆ. ಮುಂದೆ ಹೋದಂತೆ ನಾಯಕ ಕತ್ತಿ ಬೀಸುವುದಕ್ಕಿಂತ ಭಾಷಣ ಬಿಗಿಯುವುದೇ ಜಾಸ್ತಿ. ಪುಟಗಟ್ಟಲೆ. ನಮ್ಮ ಕಡೆ ಸಮಾರಂಭಗಳಲ್ಲಿ ಎರಡೇ ಮಾತು ಎಂದು ಮೈಕ್ ಹಿಡಿದವರು ಒಂದು ತಾಸು ಬಿಡುವುದಿಲ್ಲವಲ್ಲ, ಹಾಗೆ. ಹಾಂ, ನನ್ನ ಹತ್ತಿರ ಆರನೇ ಭಾಗ ಎರಡಿರುವುದು ಇದರದ್ದೇ. ಯಾರಿಗಾದರೂ ಬೇಕಿದ್ದರೆ ಒಂದು ಕೊಡುತ್ತೇನೆ. ಎರಡೂ ಕೊಡುತ್ತೇನೆ.

ಸ್ಟೀವನ್ ಎರಿಕ್ಸನ್ನನ 'ಮಲಾಜನ್' ಬಗ್ಗೆ ಹೇಳುವುದು ಕಷ್ಟ. ಹತ್ತು ಪುಸ್ತಕ, 1999ರಿಂದ 2011. ಹನ್ನೆರಡು ವರ್ಷದಲ್ಲಿ ಅಚ್ಚುಕಟ್ಟಾಗಿ ಮುಗಿಸಿದ ಪುಣ್ಯಾತ್ಮ. ಹುಡುಗನ ಕರಾರಿಗೆ ಸರಿಯಾಗಿ ಹೊಂದುತ್ತದೆ. ಆದರೆ ಏನನ್ನೂ ವಿವರಿಸುವುದಿಲ್ಲ. ಮೊದಲ ಪುಸ್ತಕವನ್ನು ನಾನು ಎರಡು ಸಲ ಬಿಟ್ಟೆ. ಯಾರು ಯಾರ ಕಡೆ, ಈ ದೇವರು ಸತ್ತಿದ್ದಾನೋ ಬದುಕಿದ್ದಾನೋ, ಈ ಜನ ಮನುಷ್ಯರೇನಾ, ಒಂದೂ ತಿಳಿಯಲಿಲ್ಲ. ಆಮೇಲೆ ಎಲ್ಲೋ ಓದಿದೆ, ಆತ ಕಸುಬಿನಿಂದ ಪುರಾತತ್ವದವನು ಎಂದು. ಆಗ ಬೆಳಕು ಹರಿಯಿತು.

ಐಹೊಳೆಗೆ ಗೈಡ್ ಇಲ್ಲದೆ ಹೋಗಿದ್ದೀರಾ? ಅಲ್ಲಿ ದುರ್ಗ ಗುಡಿ ಇದೆ, ಆದರೆ ಅದು ದುರ್ಗಾದೇವಿಯ ಗುಡಿ ಅಲ್ಲ. ಪಕ್ಕದಲ್ಲಿ ಕೋಟೆ ಇತ್ತು, ದುರ್ಗದ ಗುಡಿ ಎಂದರು, ಅದೇ ಹೆಸರು ನಿಂತಿತು. ಲಾಡಖಾನ್ ಗುಡಿ ಇದೆ. ಚಾಲುಕ್ಯರ ಕಾಲದ ಗುಡಿಗೆ ಮುಸಲ್ಮಾನ ಹೆಸರು ಹೇಗೆ ಬಂತು? ಎಷ್ಟೋ ಶತಮಾನದ ಮೇಲೆ ಅದರಲ್ಲಿ ಆ ಹೆಸರಿನವನೊಬ್ಬ ವಾಸವಿದ್ದ. ಒಂದು ಕಾಲದ ಮೇಲೆ ಇನ್ನೊಂದು ಕಾಲ ಕೂತಿದೆ, ಕೆಳಗಿನದು ಮರೆತುಹೋಗಿದೆ, ಮೇಲಿನ ಹೆಸರು ಸುಳ್ಳು ಹೇಳುತ್ತಿದೆ. ಮಲಾಜನ್ ಹೀಗೇ. ಚಿಕ್ಕಂದಿನಲ್ಲಿ ನಾವು ಐಹೊಳೆಯ ಗುಡಿಗಳಲ್ಲಿ ಏನೂ ತಿಳಿಯದೆ ಮಧ್ಯಾಹ್ನವೆಲ್ಲ ಕಣ್ಣುಮುಚ್ಚಾಲೆ ಆಡಿದ್ದೇವೆ. ಆ ಧೈರ್ಯದಿಂದಲೇ ಮೂರನೇ ಸಲ ಓದಿದೆ. ಎರಡನೇ ಪುಸ್ತಕದಲ್ಲಿ ಒಂದು ಸೈನ್ಯ ಸಾವಿರಾರು ನಿರಾಶ್ರಿತರನ್ನು ಕಾಪಾಡುತ್ತ ಮರುಭೂಮಿ ದಾಟುತ್ತದೆ. ಅದನ್ನು ಓದಿದ ಮೇಲೆ ಎರಡು ದಿನ ಯಾರ ಜೊತೆಗೂ ಮಾತಾಡಬೇಕು ಅನಿಸಲಿಲ್ಲ. ಆದರೆ ಹದಿನೆಂಟರ ಹುಡುಗನಿಗೆ ಮೊದಲ ಸರಣಿಯಾಗಿ ಕೊಡುವುದಿಲ್ಲ. ಈಜು ಬರದವನನ್ನು ಕೃಷ್ಣಾ ನದಿಗೆ ತಳ್ಳಿದ ಹಾಗಾಗುತ್ತದೆ.

ಸ್ಯಾಂಡರ್ಸನ್ನನ ಸ್ವಂತ ಸರಣಿ 'ಸ್ಟಾರ್ಮ್‌ಲೈಟ್' ಇದೆ. ಸಾವಿರ ಪುಟದ ಐದು ಬಂದಿವೆ, ಇನ್ನೂ ಐದು ಬರಬೇಕು. ಸಲೀಸಾದ ಇಂಗ್ಲಿಷ್, ಲೆಕ್ಕದ ಹಾಗೆ ನಿಯಮ ಇರುವ ಮಾಯಾವಿದ್ಯೆ. ಎಂಜಿನಿಯರಿಂಗ್ ಹುಡುಗರಿಗೆ ಹೇಳಿ ಮಾಡಿಸಿದ್ದು. ನನಗೆ ಉಪ್ಪು ಸ್ವಲ್ಪ ಕಡಿಮೆ ಅನಿಸಿತು.

ಉಪ್ಪು ಬೇಕೆಂದರೆ ಟೆರಿ ಪ್ರಾಚೆಟ್. 'ಡಿಸ್ಕ್‌ವರ್ಲ್ಡ್' ನಲವತ್ತೊಂದು ಪುಸ್ತಕ. ಸಂಖ್ಯೆ ಕೇಳಿ ಹುಡುಗ ಟ್ರಂಕು ಮುಚ್ಚಲು ಹೊರಟ. ಹೆದರಬೇಡ ಎಂದೆ. ಒಂದೊಂದೂ ತನ್ನಷ್ಟಕ್ಕೆ ಪೂರ್ತಿ, ಎಲ್ಲಿಂದ ಬೇಕಾದರೂ ಹತ್ತಬಹುದು, ಎಲ್ಲಿ ಬೇಕಾದರೂ ಇಳಿಯಬಹುದು. 1983ರ ಮೊದಲನೇದರಿಂದ ಮಾತ್ರ ಹತ್ತಬೇಡ, ಅಲ್ಲಿ ಅವನ ಕೈ ಇನ್ನೂ ಪಳಗಿರಲಿಲ್ಲ. 'ಗಾರ್ಡ್ಸ್! ಗಾರ್ಡ್ಸ್!' ಒಳ್ಳೆಯ ಬಾಗಿಲು. ನನ್ನ ಪ್ರೀತಿಯದು 'ಸ್ಮಾಲ್ ಗಾಡ್ಸ್'. ದೊಡ್ಡ ಸಾಮ್ರಾಜ್ಯವನ್ನೇ ತನ್ನ ಹೆಸರಲ್ಲಿ ನಡೆಸುವ ದೇವರೊಬ್ಬ ಆಮೆಯಾಗಿ ಬಿದ್ದಿದ್ದಾನೆ. ಯಾಕೆಂದರೆ ಜನ ನಂಬುತ್ತಿರುವುದು ಗುಡಿಯನ್ನು, ಅಧಿಕಾರಿಗಳನ್ನು, ಶಿಕ್ಷೆಯನ್ನು. ದೇವರನ್ನೇ ನಂಬುವವನು ಒಬ್ಬನೇ ಉಳಿದಿದ್ದಾನೆ, ಓದು ಬರದ ಒಬ್ಬ ಹುಡುಗ. ಕೂಡಲಸಂಗಮ ನಮ್ಮ ಮನೆಯಿಂದ ಒಂದೂವರೆ ತಾಸಿನ ದಾರಿ. ಸ್ಥಾವರ, ಜಂಗಮ ಎಂಬ ಮಾತು ಕೇಳುತ್ತಲೇ ಬೆಳೆದ ನಮಗೆ ಈ ಆಮೆಯ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಚೆಟ್‌ಗೆ ಮರೆವಿನ ಕಾಯಿಲೆ ಬಂತು. ಬಂದ ಮೇಲೂ ವರ್ಷಗಟ್ಟಲೆ ಬರೆದ. 2015ರಲ್ಲಿ ತೀರಿಕೊಂಡ.

ಉರ್ಸುಲಾ ಲೆಗ್ವಿನ್ ಬರೆದ 'ಅರ್ಥ್‌ಸೀ' ಈ ಟ್ರಂಕಿನಲ್ಲೇ ತೆಳ್ಳಗಿರುವುದು. ಆರು ಪುಸ್ತಕ ಸೇರಿದರೂ ಕೆಲವರ ಒಂದು ಪುಸ್ತಕದ ದಪ್ಪ ಆಗುತ್ತದೆ. ಮೊದಲನೇದು 1968ರದು. ಎಲ್ಲ ವಸ್ತುವಿಗೂ ಒಂದು ನಿಜವಾದ ಹೆಸರಿದೆ, ಅದು ಗೊತ್ತಿದ್ದವನಿಗೆ ಅದರ ಮೇಲೆ ಹಿಡಿತ. ಮೂರು ಪುಸ್ತಕ ಬರೆದು 1972ಕ್ಕೆ ನಿಲ್ಲಿಸಿದ ಲೆಗ್ವಿನ್, ಹದಿನೆಂಟು ವರ್ಷದ ಮೇಲೆ ಅದೇ ಲೋಕಕ್ಕೆ ಮರಳಿದರು. ಈ ಸಲ ಮಾಂತ್ರಿಕರ ಶಾಲೆಗೆ, ರಾಜನ ಸಭೆಗೆ ಹೋಗಲಿಲ್ಲ. ಒಬ್ಬ ವಿಧವೆಯ ಮನೆಗೆ ಹೋದರು. ಆಡು ಮೇಯಿಸುವುದು, ಪಾತ್ರೆ ತೊಳೆಯುವುದು, ಬೆಂಕಿಯಲ್ಲಿ ಸುಟ್ಟ ಒಂದು ಹುಡುಗಿಯನ್ನು ಸಾಕುವುದು. ಗಂಡಸರು ಲೋಕ ಗೆದ್ದು ಸೋತು ಬಂದಾಗ ಅವರಿಗೆ ಗಂಜಿ ಕಾಸಿ ಕೊಟ್ಟವರು ಯಾರು ಎಂದು ನೋಡಲು ಹೋದ ಹಾಗಿದೆ. ಹಲವರಿಗೆ ಆ ನಾಲ್ಕನೇ ಪುಸ್ತಕ 'ಟೆಹಾನು' ಹಿಡಿಸುವುದಿಲ್ಲ. ನಾನು ಅದನ್ನು ಓದುವಾಗ ಹುಗ್ಗಿಯ ಹಂಡೆಯ ವಾಸನೆ ಬರುತ್ತಿತ್ತು.

ಇನ್ನು ಉಳಿದದ್ದು ರಾಬಿನ್ ಹಾಬ್. ಹದಿನಾರು ಪುಸ್ತಕ, 1995ರಿಂದ 2017ರ ತನಕ. ಮೂರು, ಮೂರು, ಮೂರು, ನಾಲ್ಕು, ಮೂರು ಎಂದು ಕಂತುಗಳು. ರಾಜನ ಮನೆತನದ ಹೊರಗಿನ ಸಂಬಂಧಕ್ಕೆ ಹುಟ್ಟಿದ ಹುಡುಗ ಫಿಟ್ಜ್. ಅವನನ್ನು ಗುಟ್ಟಾಗಿ ಕೊಲೆಗಾರನನ್ನಾಗಿ ತಯಾರು ಮಾಡುತ್ತಾರೆ. ಪ್ರಾಣಿಗಳ ಮನಸ್ಸಿನ ಜೊತೆ ಮಾತಾಡುವ ಶಕ್ತಿ ಅವನಿಗಿದೆ, ಆ ಲೋಕದಲ್ಲಿ ಅದು ಹೇಸಿಗೆಯ ವಿಷಯ. ಎರಡನೇ ಪುಸ್ತಕದಲ್ಲಿ ಅವನಿಗೆ ಒಂದು ತೋಳದ ಮರಿ ಸಿಗುತ್ತದೆ. ಕಥೆ ನಿಧಾನ, ಯುದ್ಧ ಕಡಿಮೆ, ನಾಯಕ ಮಾಡುವ ಅರ್ಧ ಕೆಲಸ ತಪ್ಪು. ನನಗೆ ಈ ಟ್ರಂಕಿನಲ್ಲಿ ಒಂದನ್ನೇ ಇಟ್ಟುಕೋ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಅದಕ್ಕೆ ಕಾರಣ ಪುಸ್ತಕ ಮಾತ್ರ ಅಲ್ಲ. ಲೋಡ್ ಶೆಡ್ಡಿಂಗ್ ಜೋರಾಗಿದ್ದ ಒಂದು ಬೇಸಿಗೆ, ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದೆವು. ಆಯಿಗೆ ವಯಸ್ಸಾಗಿತ್ತು, ಮಠದ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. "ನೀ ದಿನಾ ಅಷ್ಟ ಓದತಿ, ಏನೈತಿ ಅದರಾಗ, ಹೇಳಲಾ" ಎಂದಳು. ಹೇಳತೊಡಗಿದೆ. ಕನ್ನಡದಲ್ಲಿ, ನಮ್ಮ ಮಾತಿನಲ್ಲಿ. ಫಿಟ್ಜ್ ಎಂಬುದು ಅವಳ ಬಾಯಲ್ಲಿ ಪಿಟ್ಟ್ಯಾ ಆಯಿತು. ರಾಜ, ರಾಜನ ತಮ್ಮ, ಹಡಗು, ಕಡಲುಗಳ್ಳರು ಯಾವುದೂ ಅವಳಿಗೆ ಬೇಕಾಗಿರಲಿಲ್ಲ. ಕಡಲು ನೋಡಿದವಳೇ ಅಲ್ಲ. ಆದರೆ ಅವಳ ತವರು ಕುರಿ ಸಾಕುವವರ ಊರಿನ ಪಕ್ಕ. ತೋಳ ಗೊತ್ತು. ಹಟ್ಟಿಗೆ ಬಂದು ಮರಿ ಒಯ್ದದ್ದನ್ನು ಕಣ್ಣಾರೆ ಕಂಡವಳು. ಅಂಥ ತೋಳ ಒಬ್ಬ ದಿಕ್ಕಿಲ್ಲದ ಹುಡುಗನಿಗೆ ಅಣ್ಣತಮ್ಮನ ಹಾಗೆ ಆಗುತ್ತದೆ ಎಂದರೆ ಅವಳಿಗೆ ಮೊದಲು ನಗು ಬಂತು. ಮೂರನೇ ರಾತ್ರಿ ಹೊತ್ತಿಗೆ ನಗು ಹೋಯಿತು. ಆಮೇಲೆ ನಾನು ಕೆಲಸದ ಊರಿಂದ ಫೋನ್ ಮಾಡಿದಾಗಲೂ ಊಟ ಆಯಿತಾ ಎಂದು ಕೇಳಿದ ಮರುಗಳಿಗೆಯೇ ಕೇಳುತ್ತಿದ್ದಳು: "ಆ ತ್ವಾಳ ಮುಂದ ಏನಾತು?"

ಅವಳಿಗೆ ನಾನು ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಓದದವರು ಇದ್ದೀರಿ. 2012ರಲ್ಲಿ ಆಯಿ ತೀರಿಕೊಂಡಳು. ಕೊನೆಯ ಮೂರು ಪುಸ್ತಕ ಶುರುವಾದದ್ದು 2014ಕ್ಕೆ. ಅವನ್ನು ನಾನು ಒಬ್ಬನೇ ಓದಿದೆ.

ಹುಡುಗ ಹಾಬ್‌ಳ ಮೊದಲ ಪುಸ್ತಕ ಐದು ದಿನದಲ್ಲಿ ಮುಗಿಸಿದ. ಎರಡು, ಮೂರನ್ನು ಚೀಲಕ್ಕೆ ಹಾಕಿಕೊಂಡ. ಅವರವ್ವನಿಗೆಂದು ನಾವು ಕೊಟ್ಟ ಅಮೀನಗಡದ ಕರದಂಟಿನ ಡಬ್ಬಿಗೆ ಜಾಗ ಉಳಿಯಲಿಲ್ಲ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ರೈಲು ಹತ್ತಿದ. ಒಂದು ತಾಸಿನ ಮೇಲೆ ಫೋನ್ ಬಂತು. ಹಿಂದೆ ಗಾಲಿಯ ಸದ್ದು.

"ಮಾಮಾ, ಒಂದ ಮಾತು ಖರೇ ಹೇಳ್ರಿ. ಈ ತ್ವಾಳ ಸಾಯ್ತದೇನು?"

ಆಲಮಟ್ಟಿ ದಾಟಿತೇನು ಎಂದು ಕೇಳಿದೆ.